ಹೊರಟವರನ್ನು ಎಲ್ಲಿಗೆ ಎಂದು ಕೇಳಿ

ಮೊದಲೇ ಹೇಳಿಬಿಡುವುದು ವಾಸಿ. ಈ ಕಥೆಯಲ್ಲಿ ಕೊನೆಗೆ ಎಲ್ಲವೂ ಸರಿಹೋಗುವುದಿಲ್ಲ. ಸರಿಹೋಗುವ ಕಥೆಗಳನ್ನು ಕೇಳಿ ಕೇಳಿ ನಮಗೆ ಭಯವೇ ಇಲ್ಲದಂತಾಗಿದೆ. ಆದ್ದರಿಂದ ಇದನ್ನು ಒಮ್ಮೆ ಕೂತು ಕೇಳಿ.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಅಮೆರಿಕದ ಯೂನಿಯನ್ ಸಿಟಿಯಲ್ಲಿ ಯಾವ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ನಾಲ್ಕು ಜನ ಸೇರಿದರೂ ಒಂದೇ ಮಾತು. ಯಾರ ಕೆಲಸ ಹೋಯಿತು, ಯಾರದ್ದು ಉಳಿಯಿತು, ಯಾರು ಊರಿಗೆ ಹೊರಟರು. ಬೆಳಗಾಗುವುದರೊಳಗೆ ತುಂಬಿಹೋಗುತ್ತಿದ್ದ ಬಾರ್ಟ್ ರೈಲು ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಈಗ ಎಷ್ಟು ಹೊತ್ತಿಗೆ ಹೋದರೂ ಬೇಕಾದಷ್ಟು ಜಾಗ ಸಿಗುತ್ತಿತ್ತು.

ವಿಮಲಾಳ ಗಂಡ ಜಯರಾಜನ ಕಂಪನಿ ಏಪ್ರಿಲಿನಲ್ಲಿ ಬಾಗಿಲು ಹಾಕಿತು. ಕೆಲಸ ಹೋಯಿತು, ಅದರ ಬೆನ್ನಿಗೇ ವೀಸಾ ಹೋಯಿತು. ಉಡುಪಿಗೆ ವಾಪಸ್ ಹೋಗಲು ಜುಲೈ ತಿಂಗಳ ಟಿಕೆಟ್ಟೂ ಆಯಿತು. ಅಂದಿನಿಂದ ಜಯರಾಜ್ ಸೋಫಾ ಬಿಟ್ಟು ಏಳಲಿಲ್ಲ. ಅದೇ ಟೀ ಶರ್ಟು, ಅದೇ ಟಿವಿ. ಹತ್ತು ವರ್ಷದ ಮಗಳು ಶ್ರೇಯಾ ಶಾಲೆಯಿಂದ ಬಂದು ಏನಾದರೂ ಹೇಳಿದರೆ 'ಹೂಂ' ಅನ್ನುತ್ತಿದ್ದ, ಅಷ್ಟೇ. ಇಷ್ಟು ವರ್ಷ ಕಂಡ ಗಂಡನ ನಗು ಎಲ್ಲಿಗೆ ಹೋಯಿತೆಂದು ವಿಮಲಾಗೆ ತಿಳಿಯಲಿಲ್ಲ. ಊರಿನ ವಿಮಾನ ಹತ್ತುವ ಮುಂಚೆ ಈ ಮನುಷ್ಯ ಒಂದು ಸಲ ನಕ್ಕರೆ ಸಾಕಪ್ಪಾ ದೇವರೇ ಎಂದು ಅವಳು ದಿನಾ ದೀಪ ಹಚ್ಚುವಾಗ ಬೇಡುತ್ತಿದ್ದಳು.

ಆಗ ಬಂದವನು ಉಲ್ಲಾಸ್. ಜಯರಾಜನ ಜೊತೆಗೇ ಕೆಲಸ ಕಳೆದುಕೊಂಡ ಬೆಂಗಳೂರಿನ ಹುಡುಗ. ಇನ್ನೂ ಮದುವೆಯಾಗಿರಲಿಲ್ಲ. "ಬನ್ನಿ ಸಾರ್, ಸಿಯೆರಾ ಬೆಟ್ಟಕ್ಕೆ ಹೋಗ್ಬರೋಣ. ಜೂನಲ್ಲೂ ಸ್ನೋ ಇರತ್ತಂತೆ" ಎಂದ.

ಜಯರಾಜ್ ಸೋಫಾದ ಮೇಲೆ ನೆಟ್ಟಗೆ ಕೂತ. "ಹೌದಲ್ಲ ಮಾರಾಯ! ಇಷ್ಟು ವರ್ಷ ಇದ್ದು ಆ ಹಿಮದ ಬೆಟ್ಟ ಒಮ್ಮೆ ಸಹ ನೋಡ್ಲಿಲ್ಲ. ಊರಿಗೆ ಹೋಗಿ ಎಂತ ಹೇಳುದು? ಫ್ರೀವೇ ನೋಡಿ ಬಂದೆ ಅಂತಲಾ?"

ವಿಮಲಾಗೆ ಅಷ್ಟೇ ಸಾಕಾಯಿತು. ಬೆಟ್ಟವೋ ಗುಡ್ಡವೋ, ಗಂಡ ಎದ್ದು ಕೂತನಲ್ಲ!

ಶುಕ್ರವಾರ ಸಂಜೆ ಉಲ್ಲಾಸ್ ಇಂಟರ್ನೆಟ್ಟಿನಿಂದ ಒಂದಷ್ಟು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದ. ಒಂದೊಂದರಲ್ಲಿ ಒಂದೊಂದು ದಾರಿ. ಮೇಲಿದ್ದದ್ದು ಟಾಹೋ ಸರೋವರದ ಕಡೆಯದು. ಗಂಡಸರಿಬ್ಬರೂ ಕಾರ್ಪೆಟ್ಟಿನ ಮೇಲೆ ಹಾಳೆ ಹರಡಿಕೊಂಡು, ಹೆಣ್ಣು ನೋಡಲು ಹೋದವರ ಹಾಗೆ, ಇದು ಚೆನ್ನ, ಅದು ಚೆನ್ನ ಎನ್ನುತ್ತಿದ್ದರು. ಕೆಳಗಿನ ಮನೆಯ ಮೈಥಿಲಿ ಇಡ್ಲಿ ಪಾತ್ರೆ ವಾಪಸ್ ಕೊಡಲು ಬಂದದ್ದು ಆಗಲೇ. ಮೈಸೂರಿನವಳು. ಇಲ್ಲಿಯ ವಾಕಿಂಗ್ ಕ್ಲಬ್ಬಿನವರ ಜೊತೆ ಪ್ರತಿ ಬೇಸಿಗೆ ಎತ್ತರದ ಬೆಟ್ಟಗಳಿಗೆ ಹೋಗಿ ಬರುವವಳು. ಕಂಡದ್ದನ್ನು ಕಂಡ ಹಾಗೆ ಹೇಳುವ ಬಾಯಿ.

"ಯಾವ ದಾರಿ ಆರಿಸಿದ್ರಿ?" ಎಂದು ಕೇಳಿದಳು.

"ಇನ್ನೂ ಫೈನಲ್ ಆಗಿಲ್ಲ ಮೇಡಂ. ಎಲ್ಲಾ ನಾಲ್ಕೈದು ಮೈಲಿ ಒಳಗೇ ಇದೆ. ದಿನಾ ಲೇಕ್ ಎಲಿಜಬೆತ್ ಸುತ್ತೋರಿಗೆ ಇದೆಂಥದು" ಎಂದ ಉಲ್ಲಾಸ್.

"ಬರೀ ಮೈಲಿ ನೋಡಿ ದಾರಿ ಆರಿಸ್ತೀರಾ? ಎಷ್ಟು ಏರಿಕೆ ಅಂತ ನೋಡಿದ್ರಾ? ಕಾರ್ ನಿಲ್ಲಿಸೋ ಜಾಗ ಎಷ್ಟು ಎತ್ತರದಲ್ಲಿದೆ ಅಂತ ನೋಡಿದ್ರಾ?"

"ನಾವು ಮಿಷನ್ ಪೀಕ್ ಹತ್ತಿದವರು ಮೈಥಿಲಿಯವರೇ. ನಾನು ಸಣ್ಣದಿರುವಾಗ ಕೊಡಚಾದ್ರಿ ಬರಿಗಾಲಲ್ಲಿ ಹತ್ತಿದ್ದೇನೆ" ಎಂದ ಜಯರಾಜ್.

ಮೈಥಿಲಿ ಪಾತ್ರೆ ಕೆಳಗಿಟ್ಟು ಕೂತೇಬಿಟ್ಟಳು. "ಮಿಷನ್ ಪೀಕ್ ತುದೀನೇ ಎರಡೂವರೆ ಸಾವಿರ ಅಡಿ ಸಾರ್. ಈ ಹಾಳೇಲಿರೋ ಕೆಲವು ದಾರೀಲಿ ನೀವು ಕಾರಿಂದ ಇಳಿಯೋದೇ ಒಂಬತ್ತು ಸಾವಿರದ ಮೇಲೆ. ಬೆಳಗ್ಗೆ ಸಮುದ್ರದ ಪಕ್ಕ ಕಾಫಿ ಕುಡಿದು, ಮಧ್ಯಾಹ್ನ ಅಷ್ಟು ಎತ್ತರದಲ್ಲಿ ನಡೀತೀನಿ ಅಂದ್ರೆ ಮೈ ಕೇಳಲ್ಲ. ತಲೆ ಸಿಡಿಯತ್ತೆ, ವಾಂತಿ ಬರತ್ತೆ. ಒಂದು ರಾತ್ರಿ ಅರ್ಧ ದಾರೀಲಿ ಯಾವ್ದಾದ್ರೂ ಊರಲ್ಲಿ ಮಲಗಿ ಹೋಗಿ. ಮೊದಲ ಸಲ ಅಲ್ವಾ, ತಗ್ಗಿನ ದಾರಿ ತಗೊಳ್ಳಿ. ಹೋಗೋ ಮುಂಚೆ ರೇಂಜರ್ ಆಫೀಸಿಗೆ ಫೋನ್ ಮಾಡಿ, ದಾರಿ ಮೇಲೆ ಸ್ನೋ ಇದೆಯಾ ಕೇಳಿ. ಮಧ್ಯಾಹ್ನ ಆದ್ಮೇಲೆ ಅಲ್ಲಿ ಗುಡುಗು, ಆಲಿಕಲ್ಲು. ಅಷ್ಟೊತ್ತಿಗೆ ಇಳೀತಾ ಇರ್ಬೇಕು."

"ಅಬ್ಬಾ! ಇಷ್ಟೆಲ್ಲ ಹೆದರಿದ್ರೆ ಮನೆಯಿಂದ ಹೊರಗೆ ಕಾಲಿಡ್ಲಿಕ್ಕುಂಟಾ?" ಎಂದು ಜಯರಾಜ್ ನಗೆಯಾಡಿದ. ತಿಂಗಳುಗಳ ಮೇಲೆ ಅವನ ಬಾಯಲ್ಲಿ ಬಂದ ಮೊದಲ ತಮಾಷೆ ಅದು. ವಿಮಲಾಗೆ ಮೈಥಿಲಿಯ ಮೇಲೆ ಸಿಟ್ಟೇ ಬಂತು. ನೆಟ್ಟಗಾಗುತ್ತಿರುವ ಮನುಷ್ಯನಿಗೆ ಇವಳೊಬ್ಬಳು ಅಡ್ಡಗಾಲು ಹಾಕುತ್ತಾಳಲ್ಲ!

"ಎಂತ ಆಗುದಿಲ್ಲ ಮೈಥಿಲಿ. ಹೋಗಿ ಬರ್ಲಿ ಬಿಡಿ" ಎಂದಳು. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ಗಾದೆ ನೆನಪಾಗುವುದು ಯಾವತ್ತೂ ಆಮೇಲೆಯೇ.

ಶನಿವಾರ ಇನ್ನೂ ಬೆಳಕು ಹರಿಯುವ ಮುಂಚೆ ಉಲ್ಲಾಸನ ಹಸಿರು ಕೊರೊಲ್ಲಾ ಬಂದು ನಿಂತಿತು. ಜೀನ್ಸು, ಹತ್ತಿಯ ಸ್ವೆಟ್‌ಶರ್ಟು, ಡಬ್ಬಿಯಲ್ಲಿ ಚಿತ್ರಾನ್ನ, ಒಂದೊಂದು ಬಾಟಲಿ ನೀರು. ಶ್ರೇಯಾ ಕೂಡ ಕಣ್ಣುಜ್ಜುತ್ತ ಕೆಳಗೆ ಬಂದಿದ್ದಳು. ಜಯರಾಜ್ ದೇವರಿಗೆ ಕೈಮುಗಿದು, ಬಲಗಾಲಿಟ್ಟು ಹೊಸ್ತಿಲು ದಾಟಿ, ಕಾರಿನ ಬಾಗಿಲಿಗೆ ಕೈ ಹಾಕಿದ್ದ. ಅಷ್ಟರಲ್ಲಿ ಮೈಥಿಲಿ ಸ್ವೆಟರ್ ಸುತ್ತಿಕೊಂಡು ಓಡಿಬಂದಳು.

"ಜಯರಾಜ್ ಸಾರ್, ಒಂದ್ನಿಮಿಷ. ಕೊನೆಗೆ ಎಲ್ಲಿಗೆ ಅಂತ ಆಯ್ತು? ಯಾವ ದಾರಿ?"

ಜಯರಾಜ್ ಹೇಳಲು ಬಾಯಿ ತೆರೆದ.

ವಿಮಲಾ ಹಾವು ತುಳಿದವಳಂತೆ ಬೆಚ್ಚಿದಳು. "ಶ್! ಶ್! ಹೊರಟು ನಿಂತವರನ್ನು ಎಲ್ಲಿಗೆ ಅಂತ ಕೇಳ್ತಾರಾ ಮಾರಾಯ್ತಿ? ನಿಮ್ಮ ಮೈಸೂರಲ್ಲಿ ಇದೆಲ್ಲ ಇಲ್ವಾ?" ಎಂದು ಮೈಥಿಲಿಯ ಕೈ ಹಿಡಿದಳು. ಗಂಡನ ಕಡೆ ತಿರುಗಿ, "ನೀವು ಹೇಳ್ಬೇಡಿ. ಸುಮ್ಮನೆ ಕೂತ್ಕೊಳ್ಳಿ. ಹೋಗಿ ಬನ್ನಿ" ಎಂದಳು.

ನಮಗೆಲ್ಲ ಗೊತ್ತಿರುವ ಮಾತೇ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಮೈಥಿಲಿಗೂ ಗೊತ್ತಿತ್ತು. ಅವಳ ಅಜ್ಜಿಯೂ ಹಾಗೇ ಗದರಿದ್ದಳು. ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದಳು. ಜಯರಾಜ್ ತೆರೆದ ಬಾಯಿ ಮುಚ್ಚಿ, ಹೆಂಡತಿಯ ಕಡೆ ನೋಡಿ ಮುಗುಳ್ನಕ್ಕು, "ಸಂಜೆ ಬರ್ತೇವೆ" ಎಂದ. ಕಾರು ಹೊರಟಿತು.

ಸಂಜೆ ಬರಲಿಲ್ಲ. ಟ್ರಾಫಿಕ್ ಇರಬೇಕು ಎಂದುಕೊಂಡಳು ವಿಮಲಾ. ಸಾರು ಬಿಸಿ ಮಾಡಿದಳು. ಕತ್ತಲಾಯಿತು. ಉಲ್ಲಾಸನ ಸೆಲ್ ಫೋನಿಗೆ ಮಾಡಿದರೆ ರೆಕಾರ್ಡ್ ಮಾಡಿದ ಹೆಂಗಸಿನ ದನಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿತು. ಸಾರು ಇನ್ನೊಂದು ಸಲ ಬಿಸಿ ಮಾಡಿದಳು. ಆಮೇಲೆ ಗ್ಯಾಸ್ ಆರಿಸಿ, ಚಪ್ಪಲಿಯನ್ನೂ ಹಾಕದೆ ಕೆಳಗಿಳಿದು ಮೈಥಿಲಿಯ ಬಾಗಿಲು ಬಡಿದಳು.

ಮೈಥಿಲಿ ಅಲ್ಲಿಯ ಪೊಲೀಸರಿಗೆ, ಶೆರಿಫ್ ಆಫೀಸಿಗೆ, ಫೋನ್ ಹಚ್ಚಿ ವಿಮಲಾಳ ಕೈಗೆ ಕೊಟ್ಟಳು. ಆ ಕಡೆಯ ಹೆಂಗಸು ಸಮಾಧಾನದಿಂದ ಹೆಸರು ಕೇಳಿದಳು, ಕಾರಿನ ಬಣ್ಣ ಕೇಳಿದಳು. ಆಮೇಲೆ ಕೇಳಿದಳು: "ವೇರ್ ವರ್ ದೇ ಗೋಯಿಂಗ್, ಮ್ಯಾಮ್? ವಿಚ್ ಟ್ರೇಲ್?"

ಎಲ್ಲಿಗೆ? ಯಾವ ದಾರಿ?

ಬೆಳಗ್ಗೆ ಮೈಥಿಲಿ ಕೇಳಿದ್ದ ಅದೇ ಪ್ರಶ್ನೆ. ವಿಮಲಾಗೆ ನೆನಪಿದ್ದದ್ದು ಆ ಮೇಲಿನ ಹಾಳೆಯೊಂದೇ. "ಟಾಹೋ," ಎಂದಳು, "ಟಾಹೋ, ಐ ಥಿಂಕ್."

ಸಿಯೆರಾ ಎಂದರೆ ನಮ್ಮ ಪಶ್ಚಿಮ ಘಟ್ಟದ ಹಾಗೆ ಉದ್ದೋ ಉದ್ದ. ಅದರಲ್ಲಿ ಟಾಹೋ ಸುತ್ತಲೇ ಎಷ್ಟೋ ದಾರಿಗಳು, ಒಂದೊಂದಕ್ಕೂ ಒಂದೊಂದು ಪಾರ್ಕಿಂಗು. ಭಾನುವಾರ ಇಡೀ ದಿನ ಪಾಪ ಆ ಜನ ಒಂದನ್ನೂ ಬಿಡದೆ ಹಸಿರು ಕೊರೊಲ್ಲಾ ಹುಡುಕಿದರು. ಹೆಲಿಕಾಪ್ಟರ್ ಕೂಡ ಹಾರಿತು. ವಿಮಲಾ ಫೋನಿನ ಪಕ್ಕದಿಂದ ಅಲುಗಲಿಲ್ಲ. ಮನೆ ತುಂಬ ಜನ ಬಂದರು, ಯಾರೋ ಉಪ್ಪಿಟ್ಟು ಮಾಡಿದರು, ಯಾರೋ ಧರ್ಮಸ್ಥಳಕ್ಕೆ ಹರಕೆ ಹೊರಿಸಿದರು. ಕಾರು ಮಾತ್ರ ಸಿಗಲಿಲ್ಲ. ಟಾಹೋದಲ್ಲಿ ಇಲ್ಲದ ಕಾರು ಟಾಹೋದಲ್ಲಿ ಹೇಗೆ ಸಿಕ್ಕೀತು?

ಸೋಮವಾರ ಬೆಳಗ್ಗೆ, ಅಲ್ಲಿಂದ ಎಷ್ಟೋ ದಕ್ಷಿಣಕ್ಕೆ, ಬೇರೆಯೇ ಘಾಟಿ ರಸ್ತೆಯ ತುದಿಯಲ್ಲಿ, ಟೆಂಟು ಹಾಕಿದ್ದ ಯಾರೋ ರೇಂಜರಿಗೆ ಹೇಳಿದರು, ಎರಡು ರಾತ್ರಿಯಿಂದ ಒಂದು ಹಸಿರು ಕಾರು ಇಲ್ಲೇ ನಿಂತಿದೆ ಎಂದು. ಅಲ್ಲಿಂದ ಹುಡುಕಿದವರಿಗೆ ಮೊದಲು ಉಲ್ಲಾಸ್ ಸಿಕ್ಕಿದ. ತಪ್ಪು ಕಣಿವೆಗೆ ಇಳಿದು, ತೊರೆಯ ಪಕ್ಕ ಬಿದ್ದಿದ್ದ. ಜೀವವಿತ್ತು. ಮಧ್ಯಾಹ್ನದ ಹೊತ್ತಿಗೆ ಜಯರಾಜ್ ಸಿಕ್ಕಿದ. ಹಿಮದ ಇಳಿಜಾರಿನ ಕೆಳಗೆ, ಬಂಡೆಗೆ ಒರಗಿ ಕೂತಿದ್ದ. ಜೀವವಿರಲಿಲ್ಲ.

ಮನೆಗೆ ಬಂದ ಅಧಿಕಾರಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ವಿಮಲಾ ಅಳಲಿಲ್ಲ. ಒಂದೇ ಮಾತು ಕೇಳಿದಳು, ಯಾವಾಗ? ಅವನು ಹೇಳಲು ಹಿಂದೆಮುಂದೆ ನೋಡಿದ. ಅವಳು ಬಿಡಲಿಲ್ಲ. ನಿನ್ನೆ ರಾತ್ರಿ ಇರಬೇಕು ಎಂದ. ಅಂದರೆ ಭಾನುವಾರ ಹಗಲೆಲ್ಲ ಜಯರಾಜ್ ಬದುಕಿದ್ದ. ಟಾಹೋದ ಮೇಲೆ ಹೆಲಿಕಾಪ್ಟರ್ ಸುತ್ತುತ್ತಿದ್ದಾಗ ಅವನು ಬೇರೆ ಬೆಟ್ಟದಲ್ಲಿ ಆಕಾಶ ನೋಡುತ್ತ ಕೂತಿದ್ದ.

ಆಸ್ಪತ್ರೆಯಲ್ಲಿ ಉಲ್ಲಾಸ್ ಗೋಡೆಯ ಕಡೆ ಮುಖ ಮಾಡಿ ಹೇಳಿದ. "ಶುಕ್ರವಾರ ನೀವು ಮಲಗಿದ್ಮೇಲೆ ಫೋನಲ್ಲಿ ಫೈನಲ್ ಮಾಡಿದ್ವಿ ವಿಮಲಕ್ಕ. ಟಾಹೋ ರಶ್ಶು, ಬೇಡ ಅಂದ್ರು ಸಾರ್. ಅಲ್ಲಿ ತಲುಪಿ ನಡೆಯೋಕೆ ಶುರು ಮಾಡೋವಾಗಲೇ ಹನ್ನೊಂದಾಗಿತ್ತು. ಅರ್ಧ ದಾರೀಲಿ ಸಾರ್‌ಗೆ ತಲೆನೋವು, ವಾಂತಿ. ವಾಪಸ್ ಹೋಗೋಣ ಅಂದೆ. ಕೊನೇ ಸಲ ಬಂದದ್ದು, ಬೆಟ್ಟದ ಮೇಲಿನ ಕೆರೆ ನೋಡದೆ ಹೋಗುದಾ ಅಂದ್ರು. ಕೆರೆ ಸಿಕ್ತು ಅಕ್ಕಾ. ಮಗು ಥರ ನಕ್ಕರು. ಆಮೇಲೆ ಆಲಿಕಲ್ಲು ಹೊಡೀತು. ದಾರಿ ಎಲ್ಲಾ ಬೆಳ್ಳಗಾಯ್ತು. ಇಳಿಯೋವಾಗ ಸಾರ್ ಜಾರಿಬಿದ್ರು, ಕಾಲು ಮುರೀತು. ಜೀನ್ಸು, ಶರ್ಟು ಎಲ್ಲಾ ಒದ್ದೆ. ನನ್ನ ಸ್ವೆಟ್‌ಶರ್ಟ್ ಹೊದಿಸಿ, ಜನ ಕರ್ಕೊಂಡು ಬರ್ತೀನಿ ಅಂತ ಹೊರಟೆ. ದಾರಿ ತಪ್ಪಿತು."

ಆಮೇಲೆ ಇನ್ನೊಂದು ಮಾತು ಹೇಳಿದ. "ನಾನು ಹೊರಡೋವಾಗ ಅವರು ಹೆದರಿರ್ಲಿಲ್ಲ ಅಕ್ಕಾ. ವಿಮಲಾ ಸುಮ್ಮನಿರುದಿಲ್ಲ, ಬೆಳಗಾಗುವುದರೊಳಗೆ ಜನ ಕಳಿಸ್ತಾಳೆ ಅಂದ್ರು."

ವಿಮಲಾ ಸುಮ್ಮನಿರಲಿಲ್ಲ. ಜನ ಕಳಿಸಿದ್ದಳು. ಬೇರೆ ಬೆಟ್ಟಕ್ಕೆ.

ದಹನ ಇಲ್ಲೇ ಆಯಿತು. ಜನ ಬಂದರು, ಹೋದರು. ಅವನ ಹಣೆಯಲ್ಲಿ ಬರೆದದ್ದು ಅಷ್ಟೇ ಎಂದರು ಕೆಲವರು. ಬೆಟ್ಟದ ದೇವತೆಗೆ ಏನೋ ತಪ್ಪಾಗಿರಬೇಕು ಎಂದರು ಕೆಲವರು. ಹೊರಡುವಾಗ ಆ ಮೈಸೂರಿನವಳು ಎಲ್ಲಿಗೆ ಅಂತ ಕೇಳಿದಳಂತೆ, ಅದಕ್ಕೇ ಹೀಗಾಯಿತು ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದವರೂ ಇದ್ದರು. ನಾಲಿಗೆಗೆ ಎಲುಬಿಲ್ಲ ನೋಡಿ! ಅಲ್ಲೇ ಟೇಬಲ್ಲಿನ ಹತ್ತಿರ ಕೂತಿದ್ದ ಶ್ರೇಯಾ ತಲೆಯೆತ್ತಿದಳು. ಮೂರು ದಿನದಿಂದ ಬಾಯಿ ಬಿಡದ ಹುಡುಗಿ.

"ನೋ," ಎಂದಳು. "ಪಪ್ಪ ವಾಸ್ ಗೋಯಿಂಗ್ ಟು ಟೆಲ್ ಹರ್. ಅಮ್ಮ ಸ್ಟಾಪ್ಡ್ ಹಿಮ್."

ಮಗು ಬೈಯಲಿಲ್ಲ, ಅಳಲಿಲ್ಲ, ನಡೆದದ್ದನ್ನು ಹೇಳಿತು. ವಿಮಲಾಳ ಹೊಟ್ಟೆಯಲ್ಲಿ ಆ ದಿನ ಹೊತ್ತಿದ ಬೆಂಕಿ ಯಾವ ಸಮಾಧಾನದ ಮಾತಿಗೂ ಆರಲಿಲ್ಲ.

"ತಪ್ಪು ನನ್ನದೂ ಇದೆ ವಿಮಲಾ" ಎಂದಳು ಮೈಥಿಲಿ. "ನೀವು ಕೈ ಹಿಡಿದ್ರಿ ಅಂತ ಸುಮ್ಮನಾದೆ. ಇನ್ನೊಂದು ಸಲ ಕೇಳ್ಬೇಕಿತ್ತು."

"ಕೇಳಿದ್ರೆ ನಾನು ಜಗಳ ಮಾಡ್ತಿದ್ದೆ ಮೈಥಿಲಿ."

"ಮಾಡಿದ್ರೆ ಮಾಡ್ತಿದ್ರಿ. ಜಗಳ ಆಡಿ ಮಾತು ಬಿಟ್ಟಿದ್ರೂ ಸಾರ್ ಇರ್ತಿದ್ರು."

ಊರಿಗೆ ಹೊರಡುವ ದಿನ ಹತ್ತಿರ ಬಂತು. ಮೂರು ಟಿಕೆಟ್ಟಿನಲ್ಲಿ ಒಂದನ್ನು ವಾಪಸ್ ಕೊಟ್ಟಾಗಿತ್ತು. ಸೂಟ್‌ಕೇಸಿನಲ್ಲಿ ಇಡಲು ಮನಸ್ಸು ಬಾರದೆ, ಚಿತಾಭಸ್ಮದ ಡಬ್ಬಿಯನ್ನು ವಿಮಲಾ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು.

ಅದಕ್ಕೆ ಹಿಂದಿನ ಶನಿವಾರ, ಬೆಳಗಿನ ಜಾವ, ಕಿಟಕಿಯ ಕೆಳಗೆ ಸದ್ದಾಯಿತು. ಎದುರು ಬ್ಲಾಕಿನ ಕೆಂಪರಾಜು ವ್ಯಾನಿಗೆ ಸಾಮಾನು ತುಂಬುತ್ತಿದ್ದ. ಮಂಡ್ಯದವನು. ಅವನ ತಾಯಿ ದೊಡ್ಡತಾಯಮ್ಮ ಅಮೆರಿಕ ನೋಡಲು ಬಂದಿದ್ದರು. ಹೊದಿಕೆ, ಬೆಟ್ಟ ಹತ್ತುವ ಬೂಟು, ಮೊಸರನ್ನದ ಡಬ್ಬಿ, ಪುಟ್ಟ ಮಗುವಿನ ತಳ್ಳುಗಾಡಿ. ಬೆಟ್ಟಕ್ಕೆ ಹೊರಟವರು ಎಂದು ನೋಡಿದರೇ ತಿಳಿಯುತ್ತಿತ್ತು.

ವಿಮಲಾ ಕಿಟಕಿಯಲ್ಲೇ ನಿಂತಳು. ಗಂಡ ಸತ್ತು ತಿಂಗಳಾಗಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ತನ್ನಂಥವಳು ಎದುರಾಗಬಾರದು ಎಂಬುದೂ ಅವಳು ಹುಟ್ಟಿನಿಂದ ಕೇಳಿಬಂದ ಮಾತೇ. ಎದುರು ಹೋಗಿ, ಅದರ ಮೇಲೆ ಎಲ್ಲಿಗೆ ಎಂದು ಬೇರೆ ಕೇಳುವುದೇ? ಆದರೂ ಮೆಟ್ಟಿಲಿಳಿದಳು. ಹಿಂದೆ ಶ್ರೇಯಾಳ ಹೆಜ್ಜೆ ಕೇಳಿಸಿತು.

ವ್ಯಾನಿನ ಮುಂದೆ ನಿಂತು ಕೇಳಿದಳು. "ಎಲ್ಲಿಗೆ ಹೊರಟ್ರಿ?"

ಕೆಂಪರಾಜುವಿನ ಕೈಯಲ್ಲಿದ್ದ ಚೀಲ ಹಾಗೇ ನಿಂತಿತು. ಅವನ ಹೆಂಡತಿ ಮಗುವನ್ನು ಎದೆಗವಚಿಕೊಂಡಳು. "ಅಯ್ಯೋ ಶಿವನೇ!" ಎಂದರು ದೊಡ್ಡತಾಯಮ್ಮ.

"ಬೈಯಿರಿ ಅಮ್ಮಾ, ಬೇಕಾದಷ್ಟು ಬೈಯಿರಿ. ಆದ್ರೆ ಹೇಳಿ. ಯಾವ ಬೆಟ್ಟ? ಯಾವ ದಾರಿ? ಕಾರು ಎಲ್ಲಿ ನಿಲ್ಲಿಸ್ತೀರಿ? ಎಷ್ಟು ಹೊತ್ತಿಗೆ ಇಳೀತೀರಿ? ನಾನು ಕೇಳ್ಲಿಕ್ಕೆ ಬಿಡ್ಲಿಲ್ಲ. ಕೇಳ್ಲಿಕ್ಕೆ ಬಿಟ್ಟಿದ್ರೆ ಅವರು ಇರ್ತಿದ್ರು."

ದೊಡ್ಡತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. "ಹೇಳ್ಲಾ ಕೆಂಪಾ. ಆಯಮ್ಮ ಕೇಳ್ತಾವ್ಳೆ, ಬಾಯಿಬುಟ್ಟು ಹೇಳು. ಎಲ್ಗಾದ್ರೂ ಹಾಳಾಗೋಗೋದ್ಕಿಂತ ಅಪಶಕುನವೇ ವಾಸಿ."

ಕೆಂಪರಾಜು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಗೊತ್ತಾಯಿತು, ಮೈಲಿ ಎಷ್ಟೆಂದು ಗೊತ್ತು, ಎತ್ತರ ಎಷ್ಟೆಂದು ಗೊತ್ತಿಲ್ಲ. ಮೈಥಿಲಿಯನ್ನು ಎಬ್ಬಿಸಿ ಕರೆತಂದರು. ಅವಳು ಮ್ಯಾಪು ನೋಡಿ ತಲೆಯಾಡಿಸಿದಳು. "ಇಷ್ಟು ವಯಸ್ಸಾದೋರು, ಕೈಗೂಸು. ಹತ್ತು ಸಾವಿರ ಅಡೀಗೆ ಬೇಡ ಕಣ್ರೀ. ಕೆಳಗಡೆ ಕೆರೆ ಪಕ್ಕ ಮಟ್ಟಸದ ದಾರಿ ಇದೆ, ಅಲ್ಲಿ ಹೋಗಿ. ರಾತ್ರಿ ಕೆಳಗಿನ ಊರಲ್ಲೇ ಮಲಗಿ. ತಲೆನೋವು ಬಂದ್ರೆ ಕೆರೇನೂ ಬೇಡ, ಫೋಟೋನೂ ಬೇಡ, ಇಳಿದುಬಿಡಿ." ಕೆಂಪರಾಜು ಒಪ್ಪಿದ. ಹೊಸ ದಾರಿಯ ಹೆಸರನ್ನು ವಿಮಲಾಗೆ ಎರಡೆರಡು ಸಲ ಹೇಳಿದ.

ವ್ಯಾನಿನ ಬಾಗಿಲು ಮುಚ್ಚುವಾಗ ಶ್ರೇಯಾ ಮುಂದೆ ಬಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ತಡವರಿಸುತ್ತ, ಕನ್ನಡದಲ್ಲೇ ಕೇಳಿದಳು. "ಯಾವಾಗ ಬರ್ತೀರಿ?"

"ನಾಳೆ ಸಂಜೆ ಪುಟ್ಟಾ. ಕತ್ಲಾಗೋದ್ರೊಳ್ಗೆ" ಎಂದ ಕೆಂಪರಾಜು.

ಮರುದಿನ ಇನ್ನೂ ಬಿಸಿಲಿರುವಾಗಲೇ ವಿಮಲಾಳ ಬಾಗಿಲು ತಟ್ಟಿದ ಸದ್ದಾಯಿತು. ಕೆಂಪರಾಜು ನಿಂತಿದ್ದ. "ಬಂದ್ವಿ ಅಕ್ಕಾ" ಎಂದ. ಅಷ್ಟೇ ಹೇಳಿ ಹೋದ. ವಿಮಲಾ ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತು, ಅಲ್ಲಿಯವರೆಗೆ ಅಳದದ್ದನ್ನೆಲ್ಲ ಅತ್ತಳು. ಅವಳಿಗೆ ಬೇಕಾಗಿದ್ದದ್ದೂ ಇಷ್ಟೇ, ಬಾಗಿಲು ತಟ್ಟುವ ಒಂದು ಸದ್ದು. ಅದು ಬೇರೆಯವರ ಮನೆಯವರು ತಟ್ಟಿದ ಸದ್ದಾಗಿ ಬಂತು. ಅವಳದ್ದು ಇನ್ನು ಯಾವತ್ತೂ ಬರುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕೆಟ್ಟ ಮೇಲೆ ಬುದ್ಧಿ ಬಂದರೆ ಏನು ಪ್ರಯೋಜನ ಎಂದು ವಿಮಲಾಳ ಮುಂದೆ ನಿಂತು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ನೀವು ಇನ್ನೂ ಕೆಟ್ಟಿಲ್ಲ. ಈ ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗುವವರು ಹೋಗಿ, ಚೆನ್ನಾಗಿ ನೋಡಿ ಬನ್ನಿ. ದಾರಿ ಆರಿಸುವಾಗ ಮಾತ್ರ ಮೈಲಿಗೆ ಮರುಳಾಗಬೇಡಿ, ಎತ್ತರ ಕೇಳಿ, ಏರಿಕೆ ಕೇಳಿ, ಹಿಮ ಕರಗಿದೆಯೇ ಎಂದು ರೇಂಜರನ್ನು ಕೇಳಿ. ನಿಮ್ಮ ಜೊತೆ ಬರುವವರಲ್ಲಿ ಎಲ್ಲರಿಗಿಂತ ಕೈಲಾಗದವರು ಯಾರೋ ಅವರಿಗೆ ಹೊಂದುವ ದಾರಿ ಹಿಡಿಯಿರಿ. ಬೆಚ್ಚಗಿನ ಬಟ್ಟೆ, ಮಳೆಗೆ ಹೊದೆಯುವುದು, ಒಂದು ಟಾರ್ಚು ಇರಲಿ. ಮೈ ಬೇಡ ಎಂದರೆ ಅದರ ಮಾತು ಕೇಳಿ ಹಿಂದೆ ತಿರುಗಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಮನೆಯಲ್ಲಿ ಉಳಿಯುವವರಿಗೆ ಒಂದು ಮಾತು. ಕಾರಿನ ಬಾಗಿಲು ಮುಚ್ಚುವ ಮುಂಚೆ ಅಡ್ಡ ನಿಂತು ಕೇಳಿ, ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ಎಂದು. ಅತ್ತೆ ಗದರಿದರೂ ಕೇಳಿ, ಗಂಡ ಸಿಡುಕಿದರೂ ಕೇಳಿ. ಕೇಳಿದ್ದಕ್ಕೆ ಕೆಲಸ ಕೆಟ್ಟರೆ ಇನ್ನೊಂದು ದಿನ ಮಾಡಿಕೊಳ್ಳಬಹುದು. ಕೇಳದೆ ಕಳಿಸಿದವರನ್ನು ಯಾವ ಬೆಟ್ಟದಲ್ಲಿ ಹುಡುಕುತ್ತೀರಿ?